ಎಡಗಡೆಯ ಹಕ್ಕಿ

ನಮ್ಮಪ್ಪ ಬಿಟ್ಟುಹೋದದ್ದರಲ್ಲಿ ಹೊಲ ಅಣ್ಣನಿಗೆ ಬಂತು, ಅವ್ವನ ಕಿವಿಯ ಬುಗುಡಿ ನನಗೆ ಬಂದವು, ಹೊಟ್ಟೆಕಿಚ್ಚು ಮಾತ್ರ ಇಬ್ಬರಿಗೂ ಸಮನಾಗಿ ಬಂತು. ಅಣ್ಣ ತನ್ನ ಪಾಲನ್ನೆಲ್ಲ ಹೆಂಡತಿಯ ಮೇಲೆಯೇ ಖರ್ಚು ಮಾಡಿದ. ನನ್ನ ಪಾಲು ಎಲ್ಲಿ ಖರ್ಚಾಯಿತೆಂದು ಓದುತ್ತ ಹೋದರೆ ನಿಮಗೇ ತಿಳಿಯುತ್ತದೆ.

ಅಣ್ಣನ ಹೆಸರು ಶೇಖಪ್ಪ. ಬ್ಯಾಡಗಿಯ ಪೇಟೆಯಲ್ಲಿ ಖಾರಪುಡಿಯ ಸಣ್ಣ ಅಂಗಡಿ. ಮಾರುಕಟ್ಟೆಯಿಂದ ಒಣಮೆಣಸಿನಕಾಯಿ ಆರಿಸಿ ತರುತ್ತಾನೆ, ತೊಟ್ಟು ಬಿಡಿಸಿ ಗಿರಣಿಗೆ ಹಾಕಿಸಿ ಪುಡಿ ಮಾರುತ್ತಾನೆ. ತೊಟ್ಟು ಬಿಡಿಸುವವಳು ಅತ್ತಿಗೆ ಸಿದ್ದವ್ವ. ಮದುವೆಯಾಗಿ ಬಂದ ವರ್ಷದಿಂದ ಪಡಸಾಲೆಯ ಅದೇ ಕಂಬದ ಬುಡದಲ್ಲಿ ಅವಳ ಜಾಗ. ಬಲಕ್ಕೆ ಕಾಯಿಯ ರಾಶಿ, ಮುಂದೆ ಬುಟ್ಟಿ. ತಲೆ ಬಗ್ಗಿಸಿ ಕುಳಿತಳೆಂದರೆ ಬಿಡಿಸಿದ್ದೇ ಬಿಡಿಸಿದ್ದು. ಆ ಕುತ್ತಿಗೆಯಾದರೂ ಎಷ್ಟು ದಿನ ತಡೆದೀತು? ಒಂದು ಚಳಿಗಾಲ ಬಂದ ನೋವು ಮತ್ತೆ ಹೋಗಲಿಲ್ಲ. ಎಡಕ್ಕೆ ಹೊರಳುವುದಂತೂ ನಿಂತೇ ಹೋಯಿತು. ಎಡಗಡೆಯಿಂದ ಯಾರಾದರೂ ಮಾತಾಡಿಸಿದರೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದಳು.

ಆಗಿನಿಂದ ಅಣ್ಣ ತನ್ನ ಬಾಳನ್ನು ಅವಳ ಬಲಗಡೆಗೆ ಸಾಗಿಸಿಕೊಂಡ. ಪೇಟೆಯ ದಾರಿಯಲ್ಲಿ, ಬಸ್ಸಿನಲ್ಲಿ, ಮದುವೆಯ ಹಂದರದಲ್ಲಿ, ಎಲ್ಲಿ ನೋಡಿದರೂ ಅವಳ ಬಲಕ್ಕೆ ಅವನು. ಆ ಜಾಗದಲ್ಲಿ ಬೇರೆ ಯಾರಾದರೂ ಕುಳಿತಿದ್ದರೆ “ಸ್ವಲ್ಪ ಸರೀರಿ” ಎಂದು ಎಬ್ಬಿಸುತ್ತಿದ್ದ. ನಮ್ಮ ಯಜಮಾನರು ಇಷ್ಟು ವರ್ಷದಲ್ಲಿ ನನ್ನ ಎಡಕ್ಕೂ ನಡೆದವರಲ್ಲ, ಬಲಕ್ಕೂ ನಡೆದವರಲ್ಲ, ಯಾವಾಗಲೂ ಹತ್ತು ಮಾರು ಮುಂದೆ. ಅದನ್ನು ಇಲ್ಲೇಕೆ ಹೇಳಿದೆನೋ, ಇರಲಿ.

ಸಂಜೆ ಅಂಗಡಿ ಮುಚ್ಚಿ ಬಂದ ಮೇಲೆ ಅಣ್ಣ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಬಟ್ಟಲಲ್ಲಿ ತಂದು ಅವಳ ಕುತ್ತಿಗೆ ತಿಕ್ಕುತ್ತಿದ್ದ. ಮೆಣಸಿನಕಾಯಿ ಮುಟ್ಟಿದ ಕೈ, ಸಾಬೂನಿಗೆ ಅದರ ಖಾರ ಹೋಗುವುದಿಲ್ಲ. ಮೊದಲ ದಿನ ಹಾಗೇ ತಿಕ್ಕಿಬಿಟ್ಟಿದ್ದ, ಅತ್ತಿಗೆ ಬಚ್ಚಲಿಗೆ ಓಡಿಹೋಗಿ ಕುತ್ತಿಗೆಗೆ ತಣ್ಣೀರು ಸುರಿದುಕೊಂಡಿದ್ದಳು. ಆಮೇಲೆ ದಿನವೂ ಮಜ್ಜಿಗೆಯಲ್ಲಿ ಕೈ ತೊಳೆದು, ಬೆರಳನ್ನು ತನ್ನ ಕಣ್ಣಿನ ರೆಪ್ಪೆಗೆ ಮುಟ್ಟಿಸಿಕೊಂಡು, ಉರಿಯಲಿಲ್ಲವೆಂದರೆ ಮಾತ್ರ ಅವಳನ್ನು ಮುಟ್ಟುತ್ತಿದ್ದ. ಹಗಲೆಲ್ಲ ಎರಡು ಮಾತಾಡದ ಅತ್ತಿಗೆ ಆ ಹೊತ್ತಿನಲ್ಲಿ ಓಣಿಯ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಅಣ್ಣ ಹೂಂ ಹೂಂ ಎನ್ನುತ್ತ ತಿಕ್ಕುತ್ತಿದ್ದ. ಅದೇ ಓಣಿಯಲ್ಲಿದ್ದ ನಾನು ಅವರ ಮನೆಗೆ ಸಕ್ಕರೆ ಕೇಳಲು ಹೋಗುತ್ತಿದ್ದದ್ದು ಸರಿಯಾಗಿ ಅದೇ ಹೊತ್ತಿಗೆ. ನೋಡಿ ಬಂದು ನಮ್ಮ ಮನೆಯ ಪಾತ್ರೆಗಳನ್ನು ಸದ್ದು ಮಾಡಿ ತೊಳೆಯುತ್ತಿದ್ದೆ.

ಇಷ್ಟಿದ್ದರೂ ಅಣ್ಣನ ಎದೆಯಲ್ಲಿ ಒಂದು ಮುಳ್ಳಿತ್ತು. ಅದರ ಹೆಸರು ಕೊಟ್ರೇಶ. ಅವನು ಅತ್ತಿಗೆಯ ಸೋದರಮಾವನ ಮಗ, ಗುತ್ತಲದವನು, ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿದ್ದಾನೆ. ನಮ್ಮ ಕಡೆ ಹೆಣ್ಣಿನ ಮೇಲೆ ಮೊದಲ ಹಕ್ಕು ಸೋದರಿಕೆಯದು. ಅತ್ತಿಗೆಯನ್ನು ಅವನಿಗೇ ಕೊಡುವುದೆಂದು ಮಾತಾಗಿತ್ತು. ಆ ವರ್ಷ ಅವನು ಇನ್ನೂ ಓದಬೇಕೆಂದು ಹಟ ಹಿಡಿದ, ಹುಡುಗಿಯ ಅಪ್ಪ ಸಿಟ್ಟಿಗೆದ್ದು ನಮ್ಮಣ್ಣನಿಗೆ ಕೊಟ್ಟ. ಬೇರೊಬ್ಬ ಬೇಡವೆಂದದ್ದಕ್ಕೆ ತನಗೆ ಸಿಕ್ಕಳು ಎನ್ನುವುದನ್ನು ಅಣ್ಣ ಒಂದು ದಿನವೂ ಮರೆಯಲಿಲ್ಲ.

ಇದಕ್ಕೆ ಉಪ್ಪು ಹಚ್ಚಿದ್ದು ನಮ್ಮ ರೂಢಿ. ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಹೆದರಿಸಿಯೇ ನಮ್ಮನ್ನು ಬೆಳೆಸಿದ್ದಾರೆ. ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ ಪ್ರಾಸದ ಒಡಪು ಕಟ್ಟಿ ಅದರೊಳಗೆ ಹೆಸರು ಸೇರಿಸಿ ಹೇಳಿಸುತ್ತಾರೆ, ಅಷ್ಟೇ. ಅತ್ತಿಗೆ ಒಡಪು ಹೇಳಿದಾಗ ಹೆಂಗಸರೆಲ್ಲ ಕೇಕೆ ಹಾಕಿದ್ದರಿಂದ ಅಣ್ಣನಿಗೆ ತನ್ನ ಹೆಸರು ಕೇಳಿಸಿರಲಿಲ್ಲ. ಆಮೇಲೆ ಅವನು ಅವಳಿಗೆ “ರೀ” ಆದ, ಮಗಳು ಹುಟ್ಟಿದ ಮೇಲೆ “ಮಧೂನ ಅಪ್ಪಾರು” ಆದ. ಕೊಟ್ರೇಶನಿಗೆ ಈ ಕಟ್ಟು ಇಲ್ಲವಲ್ಲ. ‘ಕೊಟ್ರೇಶ ಹಿಂಗಂದ, ಕೊಟ್ರೇಶ ಹಂಗಂದ’ ಎಂದು ಅವನ ಹೆಸರು ಆ ಬಾಯಲ್ಲಿ ಸಲೀಸಾಗಿ ಓಡಾಡಿಕೊಂಡಿತ್ತು.

“ಊರೆಲ್ಲಾ ನನ್ನ ಹೆಸರು ಹಿಡದು ಕರೀತೈತಿ, ತಂಗಿ,” ಎಂದು ಅಣ್ಣ ಒಮ್ಮೆ ನನ್ನ ಮುಂದೆ ಹೇಳಿಕೊಂಡಿದ್ದ. “ಈಕಿ ಬಾಯಾಗ ಮಾತ್ರ ಆ ಕೊಟ್ರೇಶನ ಹೆಸರು.”

“ನಿನ್ನ ಆಯುಷ್ಯಾ ಉಳಿಲಿ ಅಂತ ಬಿಡೋ,” ಎಂದೆ.

“ಉಳದು ಏನ್ ಮಾಡೂದೈತಿ,” ಎಂದ.

ಕುತ್ತಿಗೆಗೆ ಔಷಧ ಮಾಡದೆ ಬಿಟ್ಟಿರಲಿಲ್ಲ. ಮಗಳು ಮಧು ಹಾವೇರಿಯಲ್ಲಿದ್ದಾಳೆ, ಅಲ್ಲಿಯ ಡಾಕ್ಟರಿಗೆ ತೋರಿಸಿದಳು. ಎಕ್ಸ್‌ರೇ ತೆಗೆದರು, ಎಲುಬು ಸವೆದಿದೆ ಎಂದರು, ಗುಳಿಗೆ ಕೊಟ್ಟರು, ಕುತ್ತಿಗೆಗೆ ಪಟ್ಟಿ ಹಾಕಿದರು. ಗುಳಿಗೆ ನುಂಗಿದ ದಿನ ಆರಾಮ, ಮರುದಿನ ಮತ್ತೆ ಅದೇ ಪಾಡು. ಕೊನೆಗೆ ದಾರಿ ತೋರಿಸಿದವನು ಯಾರು ಎಂದರೆ ಕೊಟ್ರೇಶನೇ.

“ಶೇಖಣ್ಣಾ, ನಮ್ಮ ಅಂಗಡಿ ಬಾಜೂಕ ಒಬ್ಬಾಕಿ ಡಾಕ್ಟ್ರು ಬಂದಾಳ,” ಎಂದ, ಪಡಸಾಲೆಯಲ್ಲಿ ಕುಳಿತು ಚಹಾ ಕುಡಿಯುತ್ತ. “ಗುಳಿಗಿ ಇಲ್ಲ, ಸೂಜಿ ಇಲ್ಲ. ವ್ಯಾಯಾಮ ಮಾಡಿಸ್ತಾಳ, ಕಣ್ಣಿಗಿ ಒಂದು ಪೆಟ್ಟಿಗಿ ಕಟ್ಟತಾಳ. ಸಿದ್ದೀನ ಒಮ್ಮೆ ಕರ್ಕೊಂಡು ಬಾ.”

ಸಿದ್ದಿ ಎಂದ ಕೂಡಲೇ ಅಣ್ಣನ ಮುಖ ಗಂಟಾಯಿತು. ಆದರೂ ಹೆಂಡತಿಯ ನೋವಿನ ವಿಷಯ, ಇಲ್ಲ ಎನ್ನಲು ಬರಲಿಲ್ಲ. ಜೊತೆಗೆ ಹೆಣ್ಣುಮಗಳೊಬ್ಬಳಿರಲಿ ಎಂದು ನನ್ನನ್ನೂ ಕರೆದುಕೊಂಡು ರಾಣೆಬೆನ್ನೂರಿನ ಬಸ್ಸು ಹತ್ತಿದ.

ಆ ಡಾಕ್ಟರ ಹೆಸರು ನಂದಿತಾ, ಫಿಸಿಯೋಥೆರಪಿ ಓದಿದವಳು. ಅತ್ತಿಗೆಯ ತಲೆಯನ್ನು ಮೆಲ್ಲಗೆ ಹಿಡಿದು ಎತ್ತ ಹೊರಳುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಿದಳು.

“ಎಲುಬಿನ ತೊಂದರಿ ಇಷ್ಟ ಅದರಿ,” ಎಂದು ಬೆರಳ ತುದಿ ತೋರಿಸಿದಳು. “ಹೆದರಿಕಿ ಇಷ್ಟದ,” ಎಂದು ಎರಡೂ ಕೈ ಅಗಲಿಸಿದಳು. “ಎಡಕ್ಕ ಹೊಳ್ಳಿದ್ರ ನೋಯ್ತದ ಅಂತ ಕುತ್ತಿಗಿ ಮೊದಲ ಬಿಗೀತದ, ಬಿಗದದ್ದಕ್ಕ ಮತ್ತ ನೋಯ್ತದ. ವ್ಯಾಯಾಮನ ಔಷಧಿ. ಪೆಟ್ಟಿಗಿ ಹೆದರಿಕಿ ಮರಸಲಿಕ್ಕೆ ಅಷ್ಟ.”

ವ್ಯಾಯಾಮ ನೋಡಲು ಏನೂ ಅಲ್ಲ. ಗದ್ದವನ್ನು ಒಳಕ್ಕೆ ಎಳೆದು ಹಿಡಿಯುವುದು, ಹಣೆಯನ್ನು ಅಂಗೈಗೆ ಒತ್ತುವುದು, ರಬ್ಬರಿನ ಪಟ್ಟಿ ಜಗ್ಗಿ ಹೆಗಲನ್ನು ಹಿಂದಕ್ಕೆ ತರುವುದು. ಅದಾದ ಮೇಲೆ ಕಣ್ಣಿಗೆ ವಿ.ಆರ್. ಪೆಟ್ಟಿಗೆ. ಅದನ್ನು ಕಟ್ಟಿಕೊಂಡರೆ ಕೋಣೆ ಮಾಯವಾಗಿ ಸುತ್ತಲೂ ಪೇರಲ ತೋಟ ಕಾಣುತ್ತದಂತೆ. ಒಂದು ಹಕ್ಕಿ ಟೊಂಗೆಯಿಂದ ಟೊಂಗೆಗೆ ಹಾರುತ್ತದೆ. ಅದು ಎತ್ತ ಕುಳಿತರೆ ಅತ್ತ ಮುಖ ಹೊರಳಿಸಿ ನೆಟ್ಟು ನೋಡಬೇಕು, ಆಗ ಹಣ್ಣು ತಿಂದು ಮುಂದಕ್ಕೆ ಹಾರುತ್ತದೆ. ಒಳಗೆ ಸ್ವಲ್ಪವೇ ಹೊರಳಿದಂತೆ ಕಾಣುತ್ತದೆ, ಹೊರಗೆ ಕುತ್ತಿಗೆ ಅದಕ್ಕಿಂತ ಹೆಚ್ಚು ಹೊರಳಿರುತ್ತದೆ. ಆ ಪೆಟ್ಟಿಗೆಯ ಉಪಾಯವೇ ಅದು ಎಂದು ನಂದಿತಾ ನನ್ನ ಕಿವಿಯಲ್ಲಿ ಹೇಳಿದಳು.

ಅತ್ತಿಗೆ ಕುರ್ಚಿಯಲ್ಲಿ ಕುಳಿತಿದ್ದಳು. ಅವಳ ಬಲಕ್ಕೆ ಸ್ಟೂಲಿನ ಮೇಲೆ ಅಣ್ಣ. ಸ್ವಲ್ಪ ಹೊತ್ತು ಅವಳ ತಲೆ ಅತ್ತಿತ್ತ ಆಡಿತು. ಆಮೇಲೆ ಹಕ್ಕಿ ಎಡಗಡೆಯ ಟೊಂಗೆಗೆ ಹಾರಿರಬೇಕು, ಅವಳ ಮುಖ ಅದರ ಹಿಂದೆಯೇ ಹೋಯಿತು. ಇಷ್ಟು ವರ್ಷ ನಿಲ್ಲುತ್ತಿದ್ದ ಕಡೆ ನಿಲ್ಲಲಿಲ್ಲ, ಇನ್ನೂ ಹೋಯಿತು. ಅಣ್ಣನ ಕಡೆಗೆ ಉಳಿದದ್ದು ತುರುಬು ಮಾತ್ರ. ನಾನು ಹಿಗ್ಗಿ ಕೈ ಜೋಡಿಸಿದೆ. ತಿರುಗಿ ನೋಡಿದರೆ ಅಣ್ಣನ ಮುಖ ಕಪ್ಪಿಟ್ಟಿತ್ತು.

“ಇಷ್ಟು ವರ್ಷ ನನ್ನ ಸಲುವಾಗಿ ಹೊಳ್ಳಲಿಲ್ಲ,” ಎಂದ ಮೆಲ್ಲಗೆ. “ಇರಲಾರದ ಹಕ್ಕಿ ಸಲುವಾಗಿ ಹೊಳ್ಳಿದಳು.”

ಅಷ್ಟರಲ್ಲಿ ನಂದಿತಾ, ಅತ್ತಿಗೆ ಉಸಿರು ಬಿಗಿ ಹಿಡಿದದ್ದನ್ನು ಕಂಡಳು. “ಹಂಗ ಮಾಡಬ್ಯಾಡ್ರಿ ಅಮ್ಮಾ. ಹಕ್ಕಿಗೆ ಒಂದು ಹೆಸರಿಡ್ರಿ, ಹೆಸರು ಹಿಡದು ಕರೀರಿ. ಮಾತಾಡಿದ್ರ ಉಸಿರು ತಾನ ಸಡಲ ಆಗ್ತದ.”

ಪೆಟ್ಟಿಗೆಯ ಕೆಳಗೆ ಅತ್ತಿಗೆಯ ಬಾಯಿ ಮಾತ್ರ ಕಾಣುತ್ತಿತ್ತು. ಅದು ನಕ್ಕಿತು. ಸೆರಗನ್ನು ಬಾಯಿಗೆ ಹಿಡಿದು, “ಅವರಿಬ್ಬರೂ ಹೊರಗ ಹೋಗ್ಲಿ,” ಎಂದಳು.

ಹೋದೆವು. ಹೊರಗಿನ ಬೆಂಚಿನ ಮೇಲೆ ಕುಳಿತರೆ ಒಳಗಿನಿಂದ ನಗೆ ಕೇಳಿಸಿತು, ಮಾತು ಕೇಳಿಸಲಿಲ್ಲ. ಮೊದಲು ಅತ್ತಿಗೆಯ ನಗೆ, ಆಮೇಲೆ ನಂದಿತಾಳ ನಗೆ. ಅಣ್ಣ ತನ್ನ ಕೈಗಳನ್ನೇ ನೋಡುತ್ತ ಕುಳಿತಿದ್ದ.

ಬಸ್ಸಿನಲ್ಲಿ ಬರುವಾಗ ಕೇಳಿದ. “ಏನಂತ ಹೆಸರಿಟ್ಟಿ?”

“ಹಕ್ಕಿ ಹೆಸರು ತಗೊಂಡು ನೀವೇನ್ ಮಾಡ್ತೀರಿ,” ಎಂದಳು ಅತ್ತಿಗೆ.

ಕೊಟ್ರೇಶ ಎಂದೇ ಇಟ್ಟಿದ್ದಾಳೆ ಎಂದು ಅಣ್ಣ ಅಂದೇ ತೀರ್ಮಾನ ಮಾಡಿಬಿಟ್ಟ. ಇನ್ಯಾವ ಗಂಡಸಿನ ಹೆಸರು ಅವಳ ನಾಲಿಗೆಗೆ ರೂಢಿಯಿದೆ? ಗಂಡನನ್ನು ಹೊರಗೆ ಕಳಿಸಿ ಹೇಳುವಂಥ ಹೆಸರು ಬೇರೆ ಯಾವುದು? ಲೆಕ್ಕ ಸರಿಯಾಗಿಯೇ ಇತ್ತು, ಅದಕ್ಕೇ ನಾನೂ ಬಾಯಿ ಮುಚ್ಚಿಕೊಂಡೆ.

ವಾರ ವಾರವೂ ಹೋದೆವು. ಮನೆಯಲ್ಲೂ ಅತ್ತಿಗೆ ಬೆಳಿಗ್ಗೆ ಗೋಡೆಗೆ ಬೆನ್ನು ಹಚ್ಚಿ ನಿಂತು ಗದ್ದ ಎಳೆಯುತ್ತಿದ್ದಳು. ಒಂದು ಸಂಜೆ ಅಣ್ಣ ಮಜ್ಜಿಗೆಯಲ್ಲಿ ಕೈ ತೊಳೆದು, ರೆಪ್ಪೆಗೆ ಮುಟ್ಟಿಸಿಕೊಂಡು, ಎಣ್ಣೆಯ ಬಟ್ಟಲು ಹಿಡಿದು ಬಂದರೆ ಅವಳು, “ಇವತ್ತ ಬ್ಯಾಡ್ರಿ, ಆರಾಮ ಐತಿ,” ಎಂದಳು. ಸಕ್ಕರೆ ಕೇಳಲು ಹೋಗಿದ್ದ ನಾನು ಅದನ್ನು ಕಣ್ಣಾರೆ ಕಂಡೆ. ಬಟ್ಟಲು ಹಿಡಿದು ನಿಂತವನು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ದೇವರ ಗೂಡಿನಲ್ಲಿಟ್ಟ. ಮರುದಿನವೂ ಬ್ಯಾಡ ಎಂದಳು. ಅದರ ಮರುದಿನ ಅವನು ಕೇಳಲಿಲ್ಲ. ಓಣಿಯ ಸುದ್ದಿಯೂ ಅವನಿಗೆ ಸಿಗುವುದು ನಿಂತಿತು. ಈಗ ಅದನ್ನೆಲ್ಲ ಅವಳು ಹಕ್ಕಿಗೆ ಹೇಳುತ್ತಿದ್ದಾಳೆಂದು ಅವನ ಅನುಮಾನ.

ಅಷ್ಟರಲ್ಲಿ ಕೊಟ್ರೇಶ ಮತ್ತೆ ಬಂದ. ಅತ್ತಿಗೆ ತಲೆ ಹೊರಳಿಸಿ ಮಾತಾಡುವುದನ್ನು ಕಂಡು ಹಿಗ್ಗಿ ನಕ್ಕ. “ಏನ್ ಶೇಖಣ್ಣಾ, ಸಿದ್ದಿ ಹಕ್ಕಿ ಜೋಡಿ ಬಾಳ ಮಾತಾಡ್ತಾಳಂತ. ಡಾಕ್ಟ್ರು ಹೇಳಾಕತ್ತಿದ್ರು.”

ಅಣ್ಣ ಚಹಾದ ಬಸಿಯನ್ನು ಕೆಳಗಿಟ್ಟು ಅಂಗಡಿಗೆ ನಡೆದುಬಿಟ್ಟ. ಮರುವಾರ ರಾಣೆಬೆನ್ನೂರಿಗೆ ಹೋಗುವ ದಿನ, ಸುಗ್ಗಿ ಬಂತು, ಅಂಗಡಿ ಬಿಟ್ಟು ಬರಲಾಗದು ಎಂದ. ನಾವಿಬ್ಬರೇ ಹೋಗಿ ಬರುತ್ತೇವೆಂದರೆ, “ಆರಾಮಾಗೇತಲ್ಲ, ಇನ್ನ ಯಾಕ ಅದು,” ಎಂದ. ಮಾರುಕಟ್ಟೆಯಿಂದ ಹೆಚ್ಚಿಗೆ ಚೀಲ ತಂದು ಕಂಬದ ಬುಡದಲ್ಲಿ ಸುರಿದ. ಅತ್ತಿಗೆ ಎದುರು ಮಾತಾಡುವವಳಲ್ಲ. ತಲೆ ಬಗ್ಗಿಸಿ ಕುಳಿತಳು. ಬೆಳಗಿನ ವ್ಯಾಯಾಮಕ್ಕೆ ಹೊತ್ತು ಸಿಗಲಿಲ್ಲ. ಎಷ್ಟು ಬೇಗ ಸಡಿಲಾಗಿತ್ತೋ ಅದಕ್ಕಿಂತ ಬೇಗ ಕುತ್ತಿಗೆ ಮತ್ತೆ ಬಿಗಿಯಿತು.

ಒಂದು ಸಂಜೆ ನಾನು ಹೋದಾಗ ಅತ್ತಿಗೆ ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕುಳಿತಿದ್ದಳು. ಅಣ್ಣ ಅವಳ ಬಲಕ್ಕೆ ಮಂಡಿಯೂರಿ ಎಣ್ಣೆ ತಿಕ್ಕುತ್ತಿದ್ದ. ಬಾಯಲ್ಲಿ ಏನೋ ಗುನುಗು. ಮುಖದಲ್ಲಿ ಎಷ್ಟೋ ದಿನದಿಂದ ಕಾಣದಿದ್ದ ಕಳೆ. ಅವಳ ನೋವು ತಿರುಗಿ ಬಂದದ್ದಕ್ಕೆ ನಮ್ಮಣ್ಣನಿಗೆ ಸುಖವಾಗಿತ್ತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಅದೇ ಖರೇ.

ಅವನನ್ನು ಹಿತ್ತಿಲಿಗೆ ಕರೆದು ತರಾಟೆಗೆ ತೆಗೆದುಕೊಂಡೆ.

“ಆಕಿ ಕುತ್ತಿಗಿ ನಿನ್ನ ಆಸ್ತಿ ಏನು? ನೋವು ಇದ್ರ ಮಾತ್ರ ನಿನ್ನ ಹೇಂತಿ, ಇರದಿದ್ರ ಕೊಟ್ರೇಶನ ಸಿದ್ದಿ, ಹಂಗೇನು?”

ಅಣ್ಣ ಎಣ್ಣೆಗೈಯನ್ನು ಅಂಗಿಗೆ ಒರೆಸಿಕೊಂಡ. “ನೋವು ಹೋತಂದ್ರ ನಾ ಯಾಕ ಬೇಕು, ತಂಗಿ?” ಎಂದ.

ಮರುದಿನ ಅತ್ತಿಗೆಯನ್ನು ಹೊರಡಿಸಿಕೊಂಡು ನಾನೇ ಬಸ್ ನಿಲ್ದಾಣಕ್ಕೆ ಹೋದೆ. ಬಸ್ಸು ಹೊರಡುವ ಹೊತ್ತಿಗೆ ಅಣ್ಣ ಓಡಿ ಬಂದು ಹತ್ತಿದ. ಅಂಗಡಿಯನ್ನು ಹಾಗೇ ಮುಚ್ಚಿ ಬಂದಿದ್ದ, ಅಂಗಿಯ ಮೇಲೆಲ್ಲ ಕೆಂಪು ಧೂಳು. ನಮ್ಮ ಜೊತೆ ಮಾತಾಡದೆ ಹಿಂದೆ ಕುಳಿತ.

ನಂದಿತಾ ಬೈಯಲಿಲ್ಲ, ಇಷ್ಟು ದಿನ ಯಾಕೆ ಬರಲಿಲ್ಲ ಎಂದೂ ಕೇಳಲಿಲ್ಲ. ಅತ್ತಿಗೆಗೆ ಮೊದಲು ವ್ಯಾಯಾಮ ಮಾಡಿಸಿದಳು. ಆಮೇಲೆ ನಮ್ಮನ್ನು ಹೊರಗೆ ಕಳಿಸಿ ಪರದೆ ಎಳೆದಳು. ಎಂದಿನಂತೆ ಬೆಂಚಿನ ಮೇಲೆ ಕುಳಿತೆವು. ಸ್ವಲ್ಪ ಹೊತ್ತಿಗೆ ಅಣ್ಣ ಚಪ್ಪಲಿ ಬಿಟ್ಟು ಎದ್ದು ನಿಂತ. ಬೇಡ ಬೇಡ ಎಂದು ಕೈಸನ್ನೆ ಮಾಡಿದರೂ ಕೇಳದೆ ಒಳಗೆ ಹೋಗಿ ಪರದೆಯ ಹಿಂದೆ ನಿಂತ. ಅಂಗಿ ಹಿಡಿದು ಎಳೆದು ತರಲೆಂದು ಹೋದ ನಾನೂ ಅಲ್ಲೇ ನಿಂತೆ.

ಒಳಗೆ ಅತ್ತಿಗೆಯ ದನಿ ಕೇಳಿಸಿತು. ನಮ್ಮೊಡನೆ ಅವಳು ಆ ದನಿಯಲ್ಲಿ ಮಾತಾಡಿದ್ದೇ ಇಲ್ಲ.

“ಶೇಖಪ್ಪಾ, ಎಲ್ಲಿ ಹೋಗೀದಿ? ಬಾ ಇತ್ಲಾಗ. ಹಾಂ, ಕಂಡಿ. ಅಲ್ಲೇ ಕುಂದ್ರು. ಇಷ್ಟು ದಿನಾ ಬರಲಿಲ್ಲಂತ ಸಿಟ್ಟ ಬಂತೇನು? ಮಾರಿ ಊದಿಸ್ಕೊಂಡು ಕುಂದ್ರಬ್ಯಾಡ, ಶೇಖಪ್ಪಾ. ತಿನ್ನು, ಹಣ್ಣ ತಿನ್ನು. ಮತ್ತ ಎಡಕ್ಕ ಹೊಂಟೇನು? ಹೋಗು, ನಾನೂ ಬರ್ತೇನಿ.”

ಅಣ್ಣ ಪರದೆಯ ಅಂಚು ಹಿಡಿದುಕೊಂಡ. ಬೀಳುತ್ತಾನೇನೋ ಎಂದು ನಾನು ಅವನ ರಟ್ಟೆ ಹಿಡಿದೆ. ಇಬ್ಬರೂ ಸದ್ದಿಲ್ಲದೆ ಬೆಂಚಿಗೆ ಬಂದೆವು. ಅಣ್ಣನ ಮುಖದಲ್ಲಿ ಮೊದಲು ನಗೆ ಬಂತು, ಅದು ಪೂರ್ತಿ ಅರಳುವ ಮೊದಲೇ ಹುಬ್ಬು ಗಂಟಿಕ್ಕಿತು. ಈ ನಮ್ಮಣ್ಣನನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ.

“ತಂಗಿ, ಹಕ್ಕಿನ್ನ ಹೆಸರು ಹಿಡದು ಕರೀತಾಳ,” ಎಂದ. “ಅದೂ ನನ್ನ ಹೆಸರು. ನನ್ನ ಯಾಕ ಕರೀಬಾರ್ದು?”

ಹಿಂದಿರುಗುವ ಬಸ್ಸಿನಲ್ಲಿ ಅಣ್ಣ ಹಿಂದೆಂದೂ ಮಾಡದ ಕೆಲಸ ಮಾಡಿದ. ಯಾವಾಗಲೂ ಎಡ ಸಾಲಿನ ಸೀಟಿನಲ್ಲಿ ಅತ್ತಿಗೆಗೆ ಕಿಟಕಿ ಬಿಟ್ಟು ತಾನು ಅವಳ ಬಲಕ್ಕೆ ಕೂಡುತ್ತಿದ್ದವನು, ಇಂದು ತಾನೇ ಮೊದಲು ಹೋಗಿ ಕಿಟಕಿಯ ಕಡೆ ಕುಳಿತ. ಅವಳು ಅವನ ಪಕ್ಕದಲ್ಲಿ ಕುಳಿತಳು. ಈಗ ಅವನು ಅವಳ ಎಡಕ್ಕೆ. ಅವರ ಹಿಂದಿನ ಸೀಟು ನನ್ನದು.

ಬಸ್ಸು ಊರು ದಾಟಿತು. “ರೀ,” ಎಂದಳು ಅತ್ತಿಗೆ, ಮುಂದಕ್ಕೆ ನೋಡುತ್ತಲೇ. ಅಣ್ಣ ಕಿಟಕಿಯ ಹೊರಗೆ ನೋಡುತ್ತಿದ್ದ. “ಕೇಳಿಸ್ತೇನ್ರಿ?” ಎಂದಳು. ಅವನು ಮಿಸುಕಲಿಲ್ಲ. “ಮಧೂನ ಅಪ್ಪಾರ,” ಎಂದಳು. ಅದಕ್ಕೂ ಇಲ್ಲ. ಹೆಸರು ಹಿಡಿದು ಕರೆದರೆ ಮಾತ್ರ ಹೊರಳುವುದೆಂದು ಅವನು ಹಟ ಹಿಡಿದಿದ್ದ.

ಆಗ ಅತ್ತಿಗೆ ಹೊರಳತೊಡಗಿ, ನೋವು ತಡೆದು ನಿಲ್ಲಿಸುವ ಕಡೆ ಒಂದು ಗಳಿಗೆ ನಿಂತಳು. ನಾನು ಮುಂದಿನ ಸೀಟಿನ ಸರಳನ್ನು ಬಿಗಿಯಾಗಿ ಹಿಡಿದೆ. ಅವಳು ಉಸಿರು ಬಿಟ್ಟು ಅದನ್ನೂ ದಾಟಿ, ಗದ್ದ ಹೆಗಲಿನ ಮೇಲೆ ಬರುವ ತನಕ ಹೊರಳಿದಳು. ಅಲ್ಲಿ ಹಕ್ಕಿ ಇರಲಿಲ್ಲ, ನಮ್ಮಣ್ಣನ ಬಲಗಿವಿ ಇತ್ತು. ಅದನ್ನೇ ನೋಡುತ್ತ ಕುಳಿತಳು.

“ಈ ಕಿವಿ ಹಿಂದಿನ ಕೂದಲಾ ಯಾವಾಗ ಬೆಳ್ಳಗಾದುವ್ರಿ?” ಎಂದಳು.

ಅಣ್ಣ ತಿರುಗಿದ. ಮುಖಕ್ಕೆ ಮುಖ ಅಷ್ಟು ಹತ್ತಿರ ಬಂದದ್ದಕ್ಕೆ ಇಬ್ಬರಿಗೂ ನಾಚಿಕೆಯಾಯಿತು. “ಹಕ್ಕಿನ್ನ ಶೇಖಪ್ಪಾ ಅಂತ ಕರೀತಿ,” ಎಂದ. “ನಾ ಏನ್ ತಪ್ಪು ಮಾಡೇನಿ?”

ಅವನಿಗೆ ಎಲ್ಲ ಕೇಳಿಸಿದೆ ಎಂದು ಅತ್ತಿಗೆಗೆ ಗೊತ್ತಾಯಿತು. ಸೆರಗು ಬಾಯಿಗೆ ಹೋಯಿತು.

“ಕಣ್ಣ ಕಟ್ಟಿದ್ದಾಗ ಅಂದದ್ದು ಲೆಕ್ಕಕ್ಕ ಬರಂಗಿಲ್ಲಂತ ಅಂದೇನ್ರಿ,” ಎಂದಳು ಆಮೇಲೆ. “ಅದು ಅತ್ಲಾಗ ಇತ್ಲಾಗ ಹಾರಿ ಹೋಗ್ತೈತಿ, ಅದನ್ನ ಕರೀಬೇಕಾಗ್ತೈತಿ. ನಿಮ್ಮನ್ನ ಯಾವಾಗ ಕರೀಬೇಕಾಗಿತ್ತು? ಬಲಕ್ಕ ಹೊಳ್ಳಿದ್ರ ನೀವ ಇರ್ತಿದ್ರಿ.”

ಅಣ್ಣ ಬೆರಳಿನಿಂದ ಕಣ್ಣೊರೆಸಿಕೊಂಡ. ಅವಸರದಲ್ಲಿ ಅಂಗಡಿ ಮುಚ್ಚಿ ಬಂದವನು, ಅಂದು ಮಜ್ಜಿಗೆಯಲ್ಲಿ ಕೈ ತೊಳೆದಿರಲಿಲ್ಲ. ಖಾರ ಕಣ್ಣಿಗೆ ಹತ್ತಿ ಬ್ಯಾಡಗಿ ಬರುವ ತನಕ ನೀರು ಸುರಿಯುತ್ತಲೇ ಇತ್ತು. ಅತ್ತಿಗೆ ಸೆರಗಿನ ತುದಿಯನ್ನು ಬಾಟಲಿಯ ನೀರಿನಲ್ಲಿ ನೆನೆಸಿ, ಎಡಕ್ಕೆ ಹೊರಳಿ ಹೊರಳಿ ಒರೆಸಿದಳು.

ಈಗಲೂ ಅವರು ರಾಣೆಬೆನ್ನೂರಿಗೆ ಹೋಗುತ್ತಾರೆ. ನೋವು ಪೂರಾ ಹೋಗಿಲ್ಲ, ಮೋಡ ಕವಿದ ದಿನ ತಲೆ ಎತ್ತುತ್ತದೆ. ಕಾಯಿಯ ರಾಶಿಯನ್ನು ಅಣ್ಣ ಒಂದು ದಿನ ಬಲಕ್ಕೆ ಸುರಿದರೆ ಮರುದಿನ ಎಡಕ್ಕೆ ಸುರಿಯುತ್ತಾನೆ, ನಡುನಡುವೆ ಅವಳನ್ನು ಎಬ್ಬಿಸಿ ಗೋಡೆಗೆ ನಿಲ್ಲಿಸುತ್ತಾನೆ. ಕೊಟ್ರೇಶ ಬಂದರೆ ಬಸಿ ತುಂಬ ಚಹಾ ಕೊಡುತ್ತಾನೆ. ಆದರೆ ಹೊಟ್ಟೆಕಿಚ್ಚು ಎಲ್ಲಿಗೂ ಹೋಗಿಲ್ಲ, ಜಾಗ ಬದಲಿಸಿದೆ, ಅಷ್ಟೇ. ಮೊನ್ನೆ ನಂದಿತಾಳನ್ನು ಒಂದು ಕಡೆ ಕರೆದು, “ಆ ಹಕ್ಕಿಗೆ ಬ್ಯಾರೆ ಹೆಸರು ಇಡಾಕ ಬರಂಗಿಲ್ಲೇನ್ರಿ?” ಎಂದು ಕೇಳಿದನಂತೆ.

ಇನ್ನು ನನ್ನ ಪಾಲಿನ ಮಾತು. ಆ ದಿನ ಬಸ್ಸಿಳಿದು ಮನೆಗೆ ಬಂದೆ. ಹಿಂದಿನ ಸೀಟಿನಲ್ಲಿ ಕುಳಿತು ನೋಡಿದ್ದೆಲ್ಲ ಹೊಟ್ಟೆಯಲ್ಲಿ ಉರಿಯುತ್ತಿತ್ತು. ನಮ್ಮ ಯಜಮಾನರು ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು, ನಾನು ಬಂದದ್ದಕ್ಕೆ ತಲೆ ಎತ್ತಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಆಯುಷ್ಯ ಹೋದರೆ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿ, ಮದುವೆಯಾಗಿ ಬಂದ ಮೇಲೆ ಮೊದಲ ಸಲ, ಬಾಯಿ ತುಂಬ ಕರೆದೆ.

“ಪ್ರಭುಲಿಂಗಪ್ಪಾ.”

ಪೇಪರು ಕೆಳಗಿಟ್ಟು ಎದ್ದರು. ನನ್ನ ಕಡೆ ನೋಡಲಿಲ್ಲ. ನೇರವಾಗಿ ಹೋಗಿ ಹೊರಬಾಗಿಲು ತೆರೆದು ಓಣಿಯ ಎರಡೂ ಕಡೆ ನೋಡಿದರು. “ಯಾರೋ ಕರದಂಗಾತು,” ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದರು.